ಕಾಲಿಗೆ ಬುದ್ಧಿ ಹೇಳುವ ಪೆಟ್ಟಿಗೆ

"ಈ ಭಾನುವಾರ ಮೊದಲನೇ ಸಾಲು, ನಟ್ಟನಡುವಿನ ಕುರ್ಚಿ. ಕೂತೆ ಅಂದ್ರೆ ಕೂತೆ! ನೆಲ ಬಿರೀಲಿ, ಸೂರು ಕಳಚಿ ಬೀಳ್ಲಿ, ಏಳೋ ಮಾತೇ ಇಲ್ಲ!"

ಟೈಲರ್ ಮಾಸ್ತರು ಇಸ್ತ್ರಿಪೆಟ್ಟಿಗೆಯ ಮೇಲೆ ಕೈಯಿಟ್ಟು ಹೀಗೆ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆ ಇನ್ನೂ ಉದ್ದವಿತ್ತು. ಇಸ್ತ್ರಿಪೆಟ್ಟಿಗೆ ಬಿಸಿಯಿದ್ದುದರಿಂದ ಅಲ್ಲಿಗೇ ನಿಂತಿತು.

"ಅಯ್ಯೋ, ಮೊದಲು ಕೈ ತಣ್ಣೀರಿಗೆ ಹಿಡೀರಿ," ಎಂದು ಹೆಂಡತಿ ನಲ್ಲಿ ತಿರುಗಿಸಿದರು. ನಲ್ಲಿಯ ಸದ್ದು ಕಿವಿಗೆ ಬಿದ್ದದ್ದೇ ತಡ, ಮಾಸ್ತರು ಸುಟ್ಟ ಕೈಯನ್ನು ಎತ್ತಿ ಹಿಡಿದುಕೊಂಡೇ ಟಾಯ್ಲೆಟ್ಟಿನ ಕಡೆಗೆ ಕಾಲಿಗೆ ಬುದ್ಧಿ ಹೇಳಿದರು.

ಇದೇ ಅವರ ಕಾಯಿಲೆ. ಬೇರೆಯವರಿಗೆ 'ಹೋಗಬೇಕು' ಅನ್ನಿಸಿ ಹತ್ತು ನಿಮಿಷವಾದ ಮೇಲೆ ಹೋಗುತ್ತಾರೆ. ಮಾಸ್ತರಿಗೆ ಅನ್ನಿಸುವುದಕ್ಕೂ ಆಗಿಬಿಡುವುದಕ್ಕೂ ನಡುವೆ ಒಂದು ಗುಂಡಿ ಹಾಕುವಷ್ಟೂ ಸಮಯ ಸಿಗುತ್ತಿರಲಿಲ್ಲ. ನಲ್ಲಿ ಹರಿದರೆ ಓಟ. ಇಸ್ತ್ರಿಪೆಟ್ಟಿಗೆ 'ಸುಸ್ಸ್' ಅಂದರೆ ಓಟ. ಹೊರಗಿನಿಂದ ಬಂದು ಬೀಗಕ್ಕೆ ಕೀಲಿಕೈ ಹಾಕಿದರೂ ಸಾಕು, ಅದನ್ನು ತಿರುಗಿಸುವ ತಾಳ್ಮೆ ಮೂತ್ರಚೀಲಕ್ಕೆ ಇರುತ್ತಿರಲಿಲ್ಲ. ಒಂದೊಂದು ಸಲ ತಲುಪುತ್ತಿದ್ದರು, ಒಂದೊಂದು ಸಲ ಇಲ್ಲ. ಅದಕ್ಕೇ ತಮ್ಮ ಪ್ಯಾಂಟುಗಳಿಗೆಲ್ಲ ಗುಟ್ಟಾಗಿ ಒಳಗೊಂದು ದಪ್ಪನೆಯ ಅಸ್ತರು ಹೊಲಿದುಕೊಂಡಿದ್ದರು. ಬಣ್ಣ ಕಪ್ಪು ಬಿಟ್ಟು ಬೇರೆ ತೊಡುತ್ತಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂವತ್ತನಾಲ್ಕು ವರ್ಷದ ಕಸುಬು. ಮಾಸ್ತರು ಹಾಕಿದ ಹೊಲಿಗೆ ಬಿಚ್ಚಿತೆಂದು ಇದುವರೆಗೆ ಒಬ್ಬರೂ ವಾಪಸು ಬಂದಿಲ್ಲ. "ಬಟ್ಟೆ ಹರೀಬಹುದು, ಮಾಸ್ತರ ಹೊಲಿಗೆ ಹರಿಯಲ್ಲ," ಎಂದು ಗಿರಾಕಿಗಳು ಹೊಗಳಿದರೆ, "ಏನೋ, ನಿಮ್ಮ ಅಭಿಮಾನ," ಎಂದು ತಲೆ ತಗ್ಗಿಸಿ, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದರು. ಅಂಥವರ ಒಳಗೇ ಎಲ್ಲೋ ಒಂದು ಟಾಕು ಸಡಿಲವಾಗಿತ್ತು. ಅಳತೆ ಕೊಡಲು ಬಂದವರು ಎರಡೂ ಕೈ ಅಗಲಿಸಿ ನಿಂತಿರುವಾಗ ಮಾಸ್ತರು "ಹಾಗೇ ಇರಿ, ಬಂದೆ," ಎಂದು ಮಾಯವಾಗಿಬಿಡುವರು. ರಸ್ತೆಯಲ್ಲಿ ಹೋಗುವವರಿಗೆ ಅಂಗಡಿಯೊಳಗೆ ಯಾರೋ ಹಾರಲು ಸಿದ್ಧವಾಗಿ ನಿಂತಂತೆ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ಮಾಸ್ತರು ಅಸ್ತರಿನ ಮೇಲೆ ಅಸ್ತರು ಹೊಲಿದುಕೊಂಡು ಕಾಲ ಹಾಕಿಬಿಡುತ್ತಿದ್ದರು. ಆದರೆ ಹೋದ ವರ್ಷ ಮೊಮ್ಮಗಳ ಪಿಯಾನೋ ಕಛೇರಿಯಲ್ಲಿ ಎಡವಟ್ಟಾಯಿತು. ಮಗಳ ಮಗಳು, ಆಗ ಹತ್ತು ವರ್ಷ. ನುಡಿಸಿದ್ದು ಆರೇ ನಿಮಿಷ. ಆ ಆರು ನಿಮಿಷದಲ್ಲಿ ತಾತ ಮೂರು ಸಲ ಎದ್ದರು. ಪ್ರತಿ ಸಲವೂ ಹದಿನಾಲ್ಕು ಜನರ ಮಂಡಿ ದಾಟಬೇಕಿತ್ತು. ಪ್ರತಿ ಸಲವೂ ಮಡಚುವ ಕುರ್ಚಿ 'ಧಡ್' ಎಂದಿತು. ಮೂರನೆಯ 'ಧಡ್'ಗೆ ಮೊಮ್ಮಗಳ ಬೆರಳು ತಪ್ಪಿತು. ಅವಳು ನುಡಿಸುವುದನ್ನು ನಿಲ್ಲಿಸಿ, ಬಾಗಿಲಾಚೆ ಮಾಯವಾಗುತ್ತಿದ್ದ ತಾತನ ಬೆನ್ನನ್ನು ನೋಡಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಮನೆಗೆ ಹೋಗುವಾಗ ಕೇಳಿದಳು, "ತಾತ, ನಾನು ಅಷ್ಟು ಕೆಟ್ಟದಾಗಿ ನುಡಿಸಿದ್ನಾ?"

ಮೂರು ಮಾತಿನಲ್ಲಿ ನಿಜ ಹೇಳಿಬಿಡಬಹುದಿತ್ತು. ಮಾಸ್ತರ ಮರ್ಯಾದೆ ಅಡ್ಡ ಬಂತು.

"ಛೆ ಛೆ, ಹಾಗೇನಿಲ್ಲಮ್ಮ. ಅಂಗಡೀಲಿ ಇಸ್ತ್ರಿಪೆಟ್ಟಿಗೆ ಆರಿಸಿದ್ನೋ ಇಲ್ವೋ ಅಂತ ಫೋನ್ ಮಾಡಿ ಕೇಳೋಕೆ ಹೋಗಿದ್ದೆ."

"ಮೂರು ಸಲಾನಾ?"

"ಎರಡು ಸಲ ಎತ್ತಲಿಲ್ಲ."

"ಯಾರು ಎತ್ತಬೇಕಿತ್ತು? ಅಜ್ಜಿ ನಮ್ಮ ಜೊತೇಲೇ ಇದ್ರಲ್ಲ!"

ಮಾಸ್ತರು ಹೆಜ್ಜೆ ಜೋರು ಮಾಡಿದರು. ಅಂದಿನಿಂದ ತಾತ ಮನೆಗೆ ಬಂದರೆ ಮೊಮ್ಮಗಳು ಸುಮ್ಮನೆ ಪಿಯಾನೋ ಮುಚ್ಚಳ ಮುಚ್ಚುತ್ತಿದ್ದಳು. ಜಗಳವಿಲ್ಲ, ಮುನಿಸಿಲ್ಲ. ಮುಚ್ಚಳ ಮಾತ್ರ ಮುಚ್ಚುತ್ತಿತ್ತು. ಈ ವರ್ಷ ಅಜ್ಜಿಗೆ ಹೇಳಿ ಕಳಿಸಿದ್ದಳು: "ತಾತ ಬೇಕಾದ್ರೆ ಬಾಗಿಲ ಹತ್ತಿರ ಕೂತ್ಕೊಳ್ಲಿ. ಬರದಿದ್ರೂ ಪರವಾಗಿಲ್ಲ." ಆ ಎರಡನೆಯ ಮಾತು ಮಾಸ್ತರ ಎದೆಗೆ ಸೂಜಿಯಂತೆ ಚುಚ್ಚಿತು. ಆವತ್ತೇ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಫಿಸಿಯೋ ಮೇಡಂ ಹತ್ತಿರ ಕಳಿಸಿದರು.

ಫಿಸಿಯೋ ಮೇಡಂ ಎದೆಯಲ್ಲಿ ಪೇಸ್‌ಮೇಕರ್ ಇದೆಯೇ, ಕಾಲಿನ ಚರ್ಮದಲ್ಲಿ ಗಾಯವಿದೆಯೇ ಎಂದೆಲ್ಲ ಕೇಳಿ, ಅಂಗೈಯಗಲದ ಒಂದು ಪೆಟ್ಟಿಗೆ ತೆಗೆದರು. ಅದಕ್ಕೆ ಎರಡು ವಯರು, ವಯರಿನ ತುದಿಗೆ ಎರಡು ಅಂಟುಬಿಲ್ಲೆ. ಒಂದನ್ನು ಬಲಗಾಲ ಹರಡಿನ ಒಳಬದಿಗೆ, ಇನ್ನೊಂದನ್ನು ನಾಲ್ಕು ಬೆರಳು ಮೇಲಕ್ಕೆ ಅಂಟಿಸಿದರು.

"ಮೇಡಂ, ತೊಂದ್ರೆ ಇರೋದು ಮೇಲೆ. ನೀವು ಅಂಟಿಸ್ತಿರೋದು ಕೆಳಗೆ," ಎಂದರು ಮಾಸ್ತರು ಸಂಕೋಚದಿಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು," ಎಂದರು ಹೆಂಡತಿ ಸಂಕೋಚವಿಲ್ಲದೆ.

ಮೇಡಂ ನಕ್ಕರು. "ಕಾಲಿನ ಈ ನರ ಮೇಲೆ ಬೆನ್ನುಹುರಿಗೆ ಸೇರುತ್ತೆ. ಮೂತ್ರಚೀಲದ ನರಾನೂ ಅಲ್ಲೇ ಸೇರೋದು. ಒಂದೇ ಜಂಕ್ಷನ್ ಅನ್ಕೊಳ್ಳಿ. ಇಲ್ಲಿಂದ ದಿನಾ ಅರ್ಧ ಗಂಟೆ ಸಣ್ಣಗೆ ಕರೆಂಟ್ ಕಳಿಸಿ 'ಸ್ವಲ್ಪ ಸುಮ್ನಿರಪ್ಪಾ' ಅಂತ ಹೇಳ್ತಾ ಇದ್ರೆ, ಹನ್ನೆರಡು ವಾರದಲ್ಲಿ ಸಾಕಷ್ಟು ಜನಕ್ಕೆ ಅವಸರ ಕಡಿಮೆಯಾಗುತ್ತೆ. ಕರೆಂಟ್ ಸರಿಯಾಗಿ ಹೋಗ್ತಿದೆ ಅನ್ನೋದಕ್ಕೆ ಗುರುತು, ಕಾಲಿನ ಹೆಬ್ಬೆರಳು ತಾನಾಗೇ ಬಾಗಬೇಕು. ಐದು ಸೆಕೆಂಡ್ ಬಾಗುತ್ತೆ, ಐದು ಸೆಕೆಂಡ್ ಬಿಡುತ್ತೆ. ಕಾಲು ಸ್ಟೂಲಿನ ಮೇಲಿಟ್ಕೊಂಡು ಸುಮ್ನೆ ಕೂತಿರಿ. ಬೇರೆ ಏನೂ ಮಾಡ್ಬೇಡಿ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಇನ್ನೊಂದು ವಿಷಯ. ಅವಸರ ಬಂದ ತಕ್ಷಣ ಓಡ್ಬೇಡಿ. ಓಡಿದ್ರೆ ಅದಕ್ಕೂ ಗಾಬರಿ. ಇದ್ದಲ್ಲೇ ಇರಿ, ಕೆಳಗೆ ಬಿಗಿ ಹಿಡೀರಿ, ಕಾಲಬೆರಳು ಮಡಚಿ ಬಿಡಿ, ಎಣಿಸ್ತಾ ಹೋಗಿ. ಅದು ಅಲೆ ಥರ. ಬರುತ್ತೆ, ಏರುತ್ತೆ, ಇಳಿಯುತ್ತೆ."

ದಾರಿಯಲ್ಲಿ ಹೆಂಡತಿ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು, "ಇಷ್ಟು ದಿನ ಕಾಲಿಗೆ ನೀವು ಬುದ್ಧಿ ಹೇಳ್ತಿದ್ರಿ. ಇನ್ಮೇಲೆ ಇದು ಹೇಳುತ್ತೆ."

ಪೆಟ್ಟಿಗೆಯ ಮೇಲೆ ಕರೆಂಟು ಎಷ್ಟೆಂದು ಒಂದರಿಂದ ಇಪ್ಪತ್ತರವರೆಗೆ ಅಂಕಿ ತೋರಿಸುವ ಪರದೆ, ಏರಿಸಲು ಒಂದು ಗುಂಡಿ, ಇಳಿಸಲು ಒಂದು ಗುಂಡಿ. ಮೊದಲನೇ ದಿನ ಮನೆಯಲ್ಲಿ ಹಾಕಿಕೊಂಡಾಗ ಹೆಬ್ಬೆರಳು ಅಲುಗಲೇ ಇಲ್ಲ. ಮಾಸ್ತರು ಫೋನು ಕಿವಿಗಿಟ್ಟುಕೊಂಡರು. ಆಗ ಅಂಗಡಿಯಲ್ಲಿ ಕೋಟಿನ ಅಳತೆಗೆಂದು ದನದ ಡಾಕ್ಟರು ಕೈ ಅಗಲಿಸಿ ನಿಂತಿದ್ದರು. ಒಳಬಾಗಿಲಿನ ಪರದೆಯ ಹಿಂದೆ ಮಾಸ್ತರು ಮಾತಾಡುತ್ತಿದ್ದದ್ದು ಅವರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಕಡೆಯ ಮಾತು ಕೇಳುತ್ತಿರಲಿಲ್ಲ.

"ಮೇಡಂ, ಒಂದಕ್ಕೆ ಏನೂ ಆಗ್ತಿಲ್ಲ."

ದನದ ಡಾಕ್ಟರು 'ಪಾಪ' ಎಂದುಕೊಂಡರು.

"ಎರಡಕ್ಕೂ ಆಗಲಿಲ್ಲ ಮೇಡಂ. ಹತ್ತು ನಿಮಿಷದಿಂದ ಕೂತಿದ್ದೀನಿ."

ದನದ ಡಾಕ್ಟರು 'ಅಯ್ಯೋ ಪಾಪ' ಎಂದುಕೊಂಡರು.

"ಏನಂದ್ರಿ? ಎಂಟಕ್ಕೆ, ಹತ್ತಕ್ಕೆ ಹೋದ್ರೂ ಪರವಾಗಿಲ್ವಾ? ಸರಿ ಮೇಡಂ... ಹಾಂ, ಹತ್ತಕ್ಕೆ ಹೋದೆ... ಹನ್ನೊಂದಕ್ಕೆ... ಆಹಾ! ಹನ್ನೆರಡಕ್ಕೆ ಆಯ್ತು ಮೇಡಂ! ಬಹಳ ಉಪಕಾರವಾಯ್ತು!"

ಮಾಸ್ತರು ಟೇಪು ಹಿಡಿದುಕೊಂಡು ಹೊರಬಂದಾಗ ದನದ ಡಾಕ್ಟರು ಕೈ ಇಳಿಸುವುದನ್ನೇ ಮರೆತು ನೋಡುತ್ತಿದ್ದರು.

"ಮಾಸ್ತರೇ, ಇಪ್ಪತ್ತೆರಡು ವರ್ಷದ ಸರ್ವೀಸು ನಂದು. ದನ ನೋಡಿದ್ದೀನಿ, ಕುದುರೆ ನೋಡಿದ್ದೀನಿ. ಒಂದಕ್ಕೆ ಹೋಗೋರು ಗೊತ್ತು, ಎರಡಕ್ಕೆ ಹೋಗೋರು ಗೊತ್ತು. ಹನ್ನೆರಡಕ್ಕೆ ಹೋಗೋರನ್ನ ಇವತ್ತೇ ನೋಡಿದ್ದು!"

ಮಾಸ್ತರು ವಿವರಿಸಲು ಹೋಗಲಿಲ್ಲ. ವಿವರಿಸಿದರೆ ಒಂದಕ್ಕೇ ಬಂದು ನಿಲ್ಲಬೇಕಾಗುತ್ತಿತ್ತು.

ಒಂಬತ್ತು ವಾರ ಮಾಸ್ತರು ನಿಷ್ಠೆಯಿಂದ ಸ್ಟೂಲಿನ ಮೇಲೆ ಕಾಲಿಟ್ಟು ಕೂತರು. ಹೆಬ್ಬೆರಳು ಬಾಗಿತು, ಬಿಟ್ಟಿತು. ದಿನಕ್ಕೆ ಹದಿನೈದು ಸಲದ ಓಟ ಹತ್ತಕ್ಕೆ ಇಳಿಯಿತು, ಆಮೇಲೆ ಎಂಟಕ್ಕೆ. ಕಪ್ಪು ಪ್ಯಾಂಟುಗಳ ನಡುವೆ ಒಂದು ಬೂದು ಪ್ಯಾಂಟೂ ಕಾಣಿಸಿಕೊಂಡಿತು. ಆದರೆ ನಲ್ಲಿಯ ಸದ್ದಿಗೆ ಮಾತ್ರ ಕಾಲು ಇನ್ನೂ ತಾನಾಗೇ ಏಳುತ್ತಿತ್ತು. ಹತ್ತನೇ ವಾರದ ಭಾನುವಾರವೇ ಕಛೇರಿ. ಇಸ್ತ್ರಿಪೆಟ್ಟಿಗೆಯ ಪ್ರತಿಜ್ಞೆ ನಡೆದದ್ದು ಆ ವಾರದ ಆರಂಭದಲ್ಲಿ.

ಈಗ ಉಡುಪಿನ ವಿಷಯ. ಫ್ರಾಕಿನ ಅಂಚು ಪಿಯಾನೋ ಪೆಡಲಿಗೆ ಸಿಕ್ಕಿಕೊಳ್ಳುತ್ತದೆಂದು ಮೊಮ್ಮಗಳಿಗೆ ಜಂಪ್‌ಸೂಟು ಬೇಕಿತ್ತು. ಮೇಲಂಗಿ ಪ್ಯಾಂಟು ಎರಡೂ ಒಂದೇ ಆಗಿರುವ, ಬೆನ್ನಲ್ಲಿ ಉದ್ದಕ್ಕೆ ಜಿಪ್ಪು ಇರುವ ಉಡುಪು. "ತಾತಾನೇ ಹೊಲೀಲಿ," ಎಂದಿದ್ದಳಂತೆ. ಆ ಒಂದು ಮಾತನ್ನು ಹಿಡಿದುಕೊಂಡು ಮಾಸ್ತರು ಕಪ್ಪು ರೇಷ್ಮೆ ಬಟ್ಟೆಯನ್ನು ನಾಲ್ಕು ಸಲ ಕತ್ತರಿಸಿ, ಐದು ಸಲ ಬಿಚ್ಚಿ, ಶನಿವಾರ ಮಧ್ಯಾಹ್ನದ ಹೊತ್ತಿಗೆ ಜಿಪ್ಪೊಂದನ್ನು ಉಳಿಸಿಕೊಂಡು ಎಲ್ಲವನ್ನೂ ಮುಗಿಸಿದ್ದರು.

ಶನಿವಾರ ಮಧ್ಯಾಹ್ನವೇ ಪೆಟ್ಟಿಗೆಯ ಹೊತ್ತೂ ಆಗಿತ್ತು.

'ಸುಮ್ನೆ ಅರ್ಧ ಗಂಟೆ ಕೂರೋದಾ? ಅದೂ ಇವತ್ತು?' ಎಂದು ಮಾಸ್ತರು ಯೋಚಿಸಿದರು. 'ಪೆಟ್ಟಿಗೆ ಕೆಲಸ ಮಾಡೋದು ಕಾಲಲ್ಲಿ. ನಾನು ಕೆಲಸ ಮಾಡೋದು ಕೈಯಲ್ಲಿ. ಒಬ್ಬರಿಗೊಬ್ಬರು ಅಡ್ಡ ಬರೋ ಪ್ರಶ್ನೆಯೇ ಇಲ್ಲ.'

ಹೊಲಿಗೆ ಮಿಷನ್ನಿಗೆ ಕರೆಂಟಿದೆ, ಅದನ್ನು ಓಡಿಸುವ ಪೆಡಲು ಕಾಲಡಿಯಲ್ಲಿದೆ ಎಂಬುದನ್ನು ಮೂವತ್ತನಾಲ್ಕು ವರ್ಷದ ಅನುಭವ ಅವರಿಗೆ ಆ ಕ್ಷಣ ನೆನಪಿಸಲಿಲ್ಲ. ಸಾಲದ್ದಕ್ಕೆ ಆ ಪೆಡಲಿನ ಮೇಲೆ ಮಾಸ್ತರ ಸ್ವಂತ ಸಂಶೋಧನೆಯೊಂದಿತ್ತು. ಪೆಡಲು ನೆಲದ ಮೇಲೆ ಜಾರುತ್ತದೆಂದು ಹಳೆಯ ಚಪ್ಪಲಿಯೊಂದನ್ನು ಅದಕ್ಕೆ ಗಟ್ಟಿಯಾಗಿ ಅಂಟಿಸಿದ್ದರು. ಕಾಲು ತೂರಿಸಿದರೆ ಪೆಡಲೂ ಕಾಲೂ ಒಂದೇ. ಬಂದವರಿಗೆಲ್ಲ ಅದನ್ನು ತೋರಿಸಿ, "ಇಂಥದ್ದು ಯಾವ ಕಂಪನಿಯವನಿಗೂ ಹೊಳೆದಿಲ್ಲ ನೋಡಿ," ಎನ್ನುತ್ತಿದ್ದರು.

ಮಾಸ್ತರು ಬಿಲ್ಲೆ ಅಂಟಿಸಿಕೊಂಡರು. ಪೆಟ್ಟಿಗೆಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡರು. ಬಲಗಾಲನ್ನು ಚಪ್ಪಲಿಗೆ ತೂರಿಸಿದರು. ಜಂಪ್‌ಸೂಟಿನ ಬೆನ್ನನ್ನು ಸೂಜಿಯಡಿ ಇಟ್ಟು, ಹನ್ನೆರಡಕ್ಕೆ ಏರಿಸಿದರು.

ಟರ್‌ರ್‌ರ್‌ರ್!

ಮಿಷನ್ನು ತಾನಾಗೇ ಐದು ಸೆಕೆಂಡು ಓಡಿ ನಿಂತಿತು. ಮಾಸ್ತರು ಮಿಷನ್ನನ್ನು ನೋಡಿದರು. ಅದು ಏನೂ ಗೊತ್ತಿಲ್ಲದಂತೆ ಐದು ಸೆಕೆಂಡು ಸುಮ್ಮನಿತ್ತು. ಮತ್ತೆ ಟರ್‌ರ್‌ರ್‌ರ್!

"ಏನ್ರೀ ಅದು?" ಒಳಗಿನಿಂದ ಹೆಂಡತಿ ಕೂಗಿದರು. "ಮಿಷನ್ನಿಗೆ ಬಿಕ್ಕಳಿಕೆ ಬಂದಿದ್ಯಾ?"

"ವೋಲ್ಟೇಜು ಏರುಪೇರು!" ಎಂದು ಮಾಸ್ತರು ತೀರ್ಪು ಕೊಟ್ಟು, ಸೂಜಿಯ ಬುಡ ನೋಡಲು ಬಗ್ಗಿದರು. ಎಡಗೈ ಬಟ್ಟೆಯ ಮೇಲಿತ್ತು. ತೋಳಿನ ಗುಂಡಿ ಬಿಚ್ಚಿತ್ತು. ಐದು ಸೆಕೆಂಡು ಮುಗಿಯಿತು. ಹೆಬ್ಬೆರಳು ಬಾಗಿತು. ಮಾಸ್ತರ ಅಂಗಿಯ ತೋಳಿನ ತುದಿ ಮೊಮ್ಮಗಳ ಜಿಪ್ಪಿಗೆ ಅಂದವಾಗಿ ಹೊಲಿದುಕೊಂಡಿತು. ಒಂದೇ ಒಂದು ಟಾಕು ತಪ್ಪಲಿಲ್ಲ.

ಆಗ ಅವರಿಗೆ ವಿಷಯ ಹೊಳೆಯಿತು. ಕಾಲು ತೆಗೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೆಂಡತಿಯೂ ಆಮೇಲೆ ಅದನ್ನೇ ಕೇಳಿದರು. ಕಾಲೆತ್ತಿದರೆ ಚಪ್ಪಲಿ ಬಂತು, ಚಪ್ಪಲಿಯ ಜೊತೆ ಪೆಡಲೂ ಬಂತು, ಪೆಡಲು ಮೇಜಿನಡಿಗೆ ಬಡಿದು ಇನ್ನೂ ಜೋರಾಗಿ ಒತ್ತಿಕೊಂಡಿತು! ಮಾಸ್ತರು ಬಲಗೈಯಿಂದ ಸೊಂಟದ ಪೆಟ್ಟಿಗೆ ತಡಕಿ ಇಳಿಸುವ ಗುಂಡಿ ಒತ್ತಿದರು. ಪೆಟ್ಟಿಗೆಯನ್ನು ಬೆಲ್ಟಿಗೆ ತಲೆಕೆಳಗಾಗಿ ಸಿಕ್ಕಿಸಿದ್ದರಿಂದ ಕೆಳಗಿದ್ದದ್ದು ಏರಿಸುವ ಗುಂಡಿ. ಹದಿಮೂರು, ಹದಿನಾಲ್ಕು, ಹದಿನಾರು! ಹೆಬ್ಬೆರಳು ಹುಟ್ಟಿದಾಗಿನಿಂದ ಬಾಗದಷ್ಟು ಬಾಗಿತು. ಮಿಷನ್ನು ರೈಲಿನ ವೇಗದಲ್ಲಿ ತೋಳನ್ನು ದಾಟಿ, ಜಿಪ್ಪಿನ ಹಲ್ಲುಗಳನ್ನು ದಾಟಿ, ಕುತ್ತಿಗೆಯಿಂದ ಜೋತಾಡುತ್ತಿದ್ದ ಅಳತೆ ಟೇಪಿನ ಎರಡೂ ತುದಿಗಳನ್ನು ಎಳೆದುಕೊಂಡು ಹೊಲಿದು, ದಾರ ಮುಗಿದ ಮೇಲಷ್ಟೇ ಹೊಲಿಗೆ ನಿಲ್ಲಿಸಿತು. ಸದ್ದು ನಿಲ್ಲಿಸಲಿಲ್ಲ. ಅಷ್ಟರಲ್ಲಿ ಮಾಸ್ತರು ತಮ್ಮ ಮಿಷನ್ನಿಗೆ ಸಾಷ್ಟಾಂಗ ಒಂದು ಬಿಟ್ಟು ಉಳಿದೆಲ್ಲ ನಮಸ್ಕಾರವನ್ನೂ ಮಾಡಿದ ಭಂಗಿಯಲ್ಲಿದ್ದರು. ಮೂಗಿಗೂ ಸೂಜಿಗೂ ನಡುವೆ ಎರಡಿಂಚು.

ಸರಿಯಾಗಿ ಆಗ ಹೆಂಡತಿ ತಂಬಿಗೆ ಹಿಡಿದು ಬಂದು, ಇವರ ಕಡೆ ಬೆನ್ನು ಮಾಡಿ, ಇಸ್ತ್ರಿಪೆಟ್ಟಿಗೆಗೆ ನೀರು ತುಂಬಿಸತೊಡಗಿದರು. ಗುಳುಗುಳು, ಗುಳುಗುಳು.

ಅವಸರ ಬಂತು! ಮಾಸ್ತರು ಏಳಲು ನೋಡಿದರು. ಟೇಪು ಕುತ್ತಿಗೆ ಹಿಡಿದು ಕೂರಿಸಿತು. ಎಡಕ್ಕೆ ಜರುಗಿದರು. ತೋಳು ಬಿಡಲಿಲ್ಲ. ಜಗತ್ತಿನಲ್ಲಿ ಹರಿಯದ ಹೊಲಿಗೆ ಎಂದರೆ ತಮ್ಮದೊಂದೇ ಎಂಬುದು ಅವರಿಗೆ ಆಗ ಮನವರಿಕೆಯಾಯಿತು.

"ಏ... ಕತ್ತರಿ..." ಎಂದರು ಸಣ್ಣ ದನಿಯಲ್ಲಿ.

ಹೆಂಡತಿ ತಿರುಗಿ ನೋಡಿದರು. ಮೊದಲು ತಂಬಿಗೆ ಕೆಳಗಿಟ್ಟರು. ಆಮೇಲೆ ಮಿಷನ್ನಿನ ಪ್ಲಗ್ಗು ಕಿತ್ತರು. ಆಮೇಲೆ ನೆಲದ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ನಗೋದು ಆಮೇಲೆ ನಗು! ನನಗೆ ಅರ್ಜೆಂಟು!"

"ಕತ್ತರಿ ಎಲ್ಲಿಟ್ಟಿದ್ದೀರಿ?"

"ನನ್ನ ಹೊಟ್ಟೆ ಕೆಳಗೆ. ಬಟ್ಟೆ ಕೆಳಗೆ."

"ಹೊಟ್ಟೆ ಎತ್ತಿ."

"ಎತ್ತೋ ಹಾಗಿದ್ರೆ ನಿನ್ನ ಯಾಕೆ ಕರೀತಿದ್ದೆ?"

ಅಡುಗೆಮನೆಯ ಕತ್ತರಿ ಹುಡುಕಿ ತರುವುದಕ್ಕೆ ನಾಲ್ಕು ನಿಮಿಷವಾಯಿತು. ಆ ನಾಲ್ಕು ನಿಮಿಷ ಮಾಸ್ತರಿಗೆ ಬೇರೆ ದಾರಿಯಿರಲಿಲ್ಲ. ಓಡಬೇಡಿ ಎಂದಿದ್ದರು ಮೇಡಂ, ಓಡುವ ಹಾಗೂ ಇರಲಿಲ್ಲ. ಇದ್ದಲ್ಲೇ ಇದ್ದರು. ಬಿಗಿ ಹಿಡಿದರು. ಬೆರಳು ಮಡಚಿದರು, ಬಿಟ್ಟರು. ಒಂದು, ಎರಡು, ಮೂರು ಎಂದು ಎಣಿಸಿದರು. ಅಲೆ ಏರಿತು. ನೂರಾ ಹತ್ತರ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ನೂರಾ ಎಂಬತ್ತರ ಹೊತ್ತಿಗೆ ಅಲೆ ಇಳಿಯಿತು. ಹೆಂಡತಿ ಟೇಪು ಕತ್ತರಿಸಿ ತೋಳು ಬಿಡಿಸಿದಾಗ ಮಾಸ್ತರು ಓಡಲೆಂದು ಎದ್ದು ನಿಂತರು. ನೋಡಿದರೆ ಓಡುವ ಅಗತ್ಯವೇ ಹೊರಟುಹೋಗಿತ್ತು. ನಡೆದುಕೊಂಡು ಹೋದರು! ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಮನುಷ್ಯರ ಹಾಗೆ ನಡೆದುಕೊಂಡು ಹೋದರು.

ವಾಪಸು ಬಂದವರೇ ಫೋನು ಹಚ್ಚಿದರು.

"ಮೇಡಂ, ನಾಲ್ಕು ನಿಮಿಷ ತಡೆದೆ!"

"ಭೇಷ್! ಹೇಗೆ?"

"ನೀವು ಹೇಳಿದ ಹಾಗೇ. ಕೂತೇ ಇದ್ದೆ."

"ಕಾಲು ಸ್ಟೂಲಿನ ಮೇಲಿತ್ತು ತಾನೆ?"

"ಕಾಲು ಒಂದು ಕಡೆ ಸಿಕ್ಕಿತ್ತು ಮೇಡಂ, ಕುತ್ತಿಗೆ ಒಂದು ಕಡೆ," ಎಂದು ಮಾಸ್ತರು ಫೋನಿಟ್ಟರು.

ಜಂಪ್‌ಸೂಟಿನ ಬಟ್ಟೆ ಅದೃಷ್ಟಕ್ಕೆ ಉಳಿದಿತ್ತು. ಜಿಪ್ಪು ಸತ್ತಿತ್ತು. ಅಷ್ಟುದ್ದದ ಕಪ್ಪು ಜಿಪ್ಪು ಇನ್ನೊಂದಿರಲಿಲ್ಲ. ಆದರೆ ನಾಲ್ಕು ನಿಮಿಷದ ಗೆಲುವು ಮಾಸ್ತರ ತಲೆಗೇರಿತ್ತು.

"ಜಿಪ್ಪು ಯಾಕೆ? ಹುಕ್ಕು ಹಾಕ್ತೀನಿ. ಕುತ್ತಿಗೆಯಿಂದ ಸೊಂಟದವರೆಗೆ ಇಪ್ಪತ್ತೆರಡು ಹುಕ್ಕು, ಒತ್ತೊತ್ತಾಗಿ. ಯಾರೇ ಎಳೆದ್ರೂ ಬಿಚ್ಚಬಾರದು!"

"ಬಿಚ್ಚಬೇಕಾದಾಗ?" ಎಂದರು ಹೆಂಡತಿ.

"ಮನೆಗೆ ಬಂದು ನಿಧಾನಕ್ಕೆ ಬಿಚ್ಚಿದ್ರಾಯ್ತು. ಏನು ಅವಸರ?" ಎಂದರು ಮಾಸ್ತರು. ಅವಸರದ ವಿಷಯದಲ್ಲಿ ಅವರು ಈಗ ಪಂಡಿತರಾಗಿದ್ದರು.

ಭಾನುವಾರ ಬೆಳಗ್ಗೆ ಸ್ಟೂಲಿನ ಮೇಲೆ ಕಾಲಿಟ್ಟು, ಏನೂ ಮಾಡದೆ, ಅರ್ಧ ಗಂಟೆ ಪೆಟ್ಟಿಗೆ ಹಾಕಿಕೊಂಡರು. ಬೂದು ಪ್ಯಾಂಟು ತೊಟ್ಟರು. ಮೊದಲನೇ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಹೋಗಿ ಕೂತರು. ವೇದಿಕೆಯ ಹಿಂದೆ ಹುಕ್ಕು ಹಾಕಲು ಹೋದ ಹೆಂಡತಿ ಎಂಟು ನಿಮಿಷವಾದ ಮೇಲೆ ಬೆರಳು ನೀವಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತರು.

ಮೊಮ್ಮಗಳದು ಒಂಬತ್ತನೆಯ ಸರದಿ. ನಾಲ್ಕನೆಯ ಹುಡುಗಿಯ ಪಿಟೀಲು ನಡೆಯುವಾಗ ಒಂದು ಅಲೆ ಬಂತು. ಮಾಸ್ತರು ಎಣಿಸಿದರು, ಇಳಿಯಿತು. ಏಳನೆಯವನ ಕೊಳಲಿಗೆ ಇನ್ನೊಂದು. ಅದೂ ಇಳಿಯಿತು. ಮಾಸ್ತರಿಗೆ ಎದ್ದು ಕುಣಿಯೋಣ ಅನ್ನಿಸಿತು. ಏಳಬಾರದೆಂದು ಬಿಟ್ಟರು.

ಮೊಮ್ಮಗಳು ಬಂದಳು. ಮೊದಲನೇ ಸಾಲಿನಲ್ಲಿ ತಾತನನ್ನು ನೋಡಿ ಒಂದು ಕ್ಷಣ ನಿಂತಳು. ತಾತ ಕುರ್ಚಿಯ ಎರಡೂ ಕೈ ಹಿಡಿದುಕೊಂಡು, 'ಇಲ್ಲೇ ಇದ್ದೀನಿ' ಎಂಬಂತೆ ತಲೆಯಾಡಿಸಿದರು. ಅವಳು ನಗಲಿಲ್ಲ. ಕೂತು ನುಡಿಸತೊಡಗಿದಳು.

ಮೊದಲ ಭಾಗ ನಿಧಾನ. ಎರಡನೆಯದು ಸ್ವಲ್ಪ ಚುರುಕು. ಕೊನೆಯ ಭಾಗಕ್ಕೆ ಬಂದಾಗ ಅವಳ ಬೆರಳುಗಳಿಗೆ ಏನು ಬಂತೋ! ಅಲ್ಲಿಯವರೆಗೆ ನಡೆಯುತ್ತಿದ್ದ ಸಂಗೀತ ಓಡಿತು, ಓಡುತ್ತಿದ್ದದ್ದು ಹಾರಿತು. ಒಂದು ಸ್ವರ ತಪ್ಪಲಿಲ್ಲ. ಪಕ್ಕದಲ್ಲಿ ನಿಂತು ಪುಟ ತಿರುವುತ್ತಿದ್ದ ಪಿಯಾನೋ ಟೀಚರು ಒಂದು ಪುಟ ತಿರುವುವಷ್ಟರಲ್ಲಿ ಅವಳು ಮುಂದಿನ ಪುಟದ ಅರ್ಧದಲ್ಲಿದ್ದಳು. ಮಾಸ್ತರಿಗೆ ಸಂಗೀತ ತಿಳಿಯದು. ಆದರೂ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಇದನ್ನು ಒಂದು ವರ್ಷದಿಂದ ಮುಚ್ಚಳದ ಕೆಳಗೆ ಇಟ್ಟಿದ್ದಳಲ್ಲ ಎಂದುಕೊಂಡರು.

ಕೊನೆಯ ಸ್ವರ ಬಿತ್ತು. ಸಭೆಗೆ ಸಭೆಯೇ ಎದ್ದು ನಿಂತಿತು. ಮುನ್ನೂರು ಜೊತೆ ಕೈಗಳು ಒಟ್ಟಿಗೆ ಚಪ್ಪಾಳೆ ತಟ್ಟಿದವು.

ಕಣ್ಣು ಮುಚ್ಚಿಕೊಂಡು ಕೇಳಿ ನೋಡಿ. ತುಂಬಿದ ಸಭೆಯ ಚಪ್ಪಾಳೆ ಥೇಟ್ ನಲ್ಲಿ ಬಿಟ್ಟ ಸದ್ದು. ಒಂದಲ್ಲ, ಮುನ್ನೂರು ನಲ್ಲಿ!

ಅಂಥ ಅಲೆ ಮಾಸ್ತರು ಜನ್ಮದಲ್ಲಿ ಕಂಡಿರಲಿಲ್ಲ. ಎದ್ದರೆ ಮುಗಿಯಿತು, ಬೂದು ಪ್ಯಾಂಟು. ಕೂತರು. ಕಣ್ಣು ಮುಚ್ಚಿದರು, ಹಲ್ಲು ಕಚ್ಚಿದರು, ಬೆರಳು ಮಡಚಿದರು. ಒಂದು, ಎರಡು, ಮೂರು... ಚಪ್ಪಾಳೆ ನಿಲ್ಲುವಷ್ಟರಲ್ಲಿ ತೊಂಬತ್ತಾರಾಗಿತ್ತು. ಬೂದು ಬಣ್ಣ ಬೂದಾಗಿಯೇ ಇತ್ತು. ಗೆದ್ದೆ ಎಂದು ಕಣ್ಣು ತೆರೆದರು.

ವೇದಿಕೆಯ ಮೇಲೆ ಬಾಗಿ ನಮಸ್ಕರಿಸಿದ ಮೊಮ್ಮಗಳು, ಎದ್ದು ನಿಂತ ಮುನ್ನೂರು ಜನರ ನಡುವೆ, ಕಣ್ಣು ಮುಚ್ಚಿ ಕೂತಿದ್ದ ಒಬ್ಬನೇ ಒಬ್ಬ ಮನುಷ್ಯನನ್ನು ನೋಡಿ ಒಳಗೆ ಹೋಗಿದ್ದಳು.

ವಿರಾಮದಲ್ಲಿ ಹೊರಗಿನ ಪಡಸಾಲೆ ಜನರಿಂದ ಗಿಜಿಗುಟ್ಟುತ್ತಿತ್ತು. ಮೊಮ್ಮಗಳು ಸಣ್ಣ ಹೆಜ್ಜೆ ಹಾಕುತ್ತಾ ಬಂದಳು. ಕಣ್ಣು ಕೆಂಪಾಗಿತ್ತು.

"ಎಲ್ಲರೂ ಎದ್ದು ನಿಂತ್ರು, ತಾತ. ನೀನೊಬ್ಬನೇ ಏಳಲಿಲ್ಲ."

"ಅದು ಹಾಗಲ್ಲ ಕಣಮ್ಮ, ಅದು..." ಮಾಸ್ತರ ನಾಲಿಗೆಯ ತುದಿಗೆ ಇಸ್ತ್ರಿಪೆಟ್ಟಿಗೆ ಬಂತು. ಹೆಂಡತಿ ಅವರನ್ನೇ ನೋಡುತ್ತಿದ್ದರು.

"ಹೋದ ವರ್ಷ ಕೂರೋ ಹೊತ್ತಲ್ಲಿ ಎದ್ದೆ, ಈ ವರ್ಷ ಏಳೋ ಹೊತ್ತಲ್ಲಿ ಕೂತೆ," ಎಂದಳು ಮೊಮ್ಮಗಳು. "ಇಷ್ಟ ಇಲ್ಲ ಅಂದ್ರೆ ಹೇಳ್ಬಿಡು ತಾತ. ನಂಗೇನೂ ಬೇಜಾರಿಲ್ಲ."

ಬೇಜಾರಿಲ್ಲವೆಂದು ಹೇಳುವಾಗ ಅವಳ ತುಟಿ ನಡುಗಿತು. ಅದನ್ನು ನೋಡಿ ಮಾಸ್ತರ ಮರ್ಯಾದೆ, ಮಾನ, ಮೂವತ್ತನಾಲ್ಕು ವರ್ಷದ ಹೆಸರು ಎಲ್ಲವೂ ಒಟ್ಟಿಗೆ ಬಿಚ್ಚಿಕೊಂಡವು. ಗದ್ದಲದಲ್ಲಿ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದರು. ಅದೇ ಹೊತ್ತಿಗೆ ಪಿಯಾನೋ ಟೀಚರು ಏನೋ ಪ್ರಕಟಣೆಗೆಂದು ಗಂಟೆ ಬಾರಿಸಿದ್ದರಿಂದ ಪಡಸಾಲೆ ನಿಶ್ಶಬ್ದವಾಗಿತ್ತು.

"ನನಗೆ ಒಂದಕ್ಕೆ ತಡೆಯೋಕಾಗಲ್ಲ ಕಣಮ್ಮಾ!"

ಮಾತು ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಮುನ್ನೂರು ಮುಖ ತಿರುಗಿದವು. ಅವುಗಳಲ್ಲೊಂದು, ಮಾಸ್ತರೇ ಹೊಲಿದ ಕೋಟು ತೊಟ್ಟ, ಪಿಟೀಲಿನ ಹುಡುಗಿಯ ಅಪ್ಪನಾದ ದನದ ಡಾಕ್ಟರದು.

"ಒಂದಕ್ಕೆ ಬಂದ್ರಾ ಮಾಸ್ತರೇ? ಹನ್ನೆರಡರಿಂದ ಒಂದಕ್ಕೆ ಇಳಿದಿದ್ದೀರಿ ಅಂದ್ರೆ ಬಹಳ ವಾಸಿ ಬಿಡಿ!"

ಮಾಸ್ತರು ಯಾರನ್ನೂ ನೋಡಲಿಲ್ಲ. ಮೊಮ್ಮಗಳ ಮುಂದೆ ಬಗ್ಗಿ, ದನಿ ತಗ್ಗಿಸಿ, ಹೋದ ವರ್ಷದ ಮೂರು 'ಧಡ್', ಇಸ್ತ್ರಿಪೆಟ್ಟಿಗೆಯ ಸುಳ್ಳು, ಕಾಲಿನ ಪೆಟ್ಟಿಗೆ, ಚಪ್ಪಾಳೆಯ ಸದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಜಿಪ್ಪು ಹೇಗೆ ಸತ್ತಿತೆಂಬುದನ್ನೂ ಬಿಡಲಿಲ್ಲ.

ಮೊಮ್ಮಗಳು ಬಾಯಿ ತೆರೆದುಕೊಂಡು ಕೇಳಿದಳು. "ಅಷ್ಟೇನಾ?" ಎಂದಳು. "ಹಾಗಾದ್ರೆ ನಾನು ನುಡಿಸಿದ್ದು?"

"ನಿನ್ನ ಕೊನೇ ಭಾಗ ಕೇಳಿ ನಂಗೆ ಅಳು ಬಂತು ಕಣೇ. ಅದೇನು ಬೆರಳು! ಅದೇನು ವೇಗ!"

"ತಾತ," ಎಂದಳು ಮೊಮ್ಮಗಳು, ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡು. "ಅದನ್ನ ಅಷ್ಟು ಬೇಗ ನುಡಿಸಬಾರದು. ಟೀಚರು ಬೈತಾರೆ. ನಂಗೂ ಒಂದಕ್ಕೆ ಬಂದಿತ್ತು, ಎರಡನೇ ಭಾಗದಿಂದ ತೀರಾ ಅರ್ಜೆಂಟು. ಶುರುವಾಗೋ ಮುಂಚೇನೇ ಹೋಗೋಣ ಅಂದ್ರೆ, ಇಪ್ಪತ್ತೆರಡು ಹುಕ್ಕು! ಮೂರು ಬಿಚ್ಚೋಷ್ಟರಲ್ಲಿ ಹೆಸರು ಕರೆದ್ರು!"

ಮಾಸ್ತರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. "ಓಡಬೇಡ. ಬಿಗಿ ಹಿಡಿ. ಎಣಿಸು," ಎಂದರು.

"ಏನು ಎಣಿಸ್ಲಿ? ಹುಕ್ಕಾ?"

ಅಜ್ಜಿ ಅಷ್ಟರಲ್ಲಿ ಅವಳ ರಟ್ಟೆ ಹಿಡಿದು ಹೆಂಗಸರ ಟಾಯ್ಲೆಟ್ಟಿನ ಕಡೆಗೆ ಹೊರಟಿದ್ದರು. ಬಾಗಿಲ ಬಳಿ ಒಂದು ಕ್ಷಣ ತಿರುಗಿ ನಿಂತರು.

"ಕೇಳಿದ್ರಾ? ಸಂಗೀತ ಯಾರ ಕಡೆಯಿಂದ ಬಂತೋ ಗೊತ್ತಿಲ್ಲ. ವೇಗ ಮಾತ್ರ ತಾತನ ಕಡೆಯಿಂದಲೇ ಬಂದಿದೆ!"

ಪಡಸಾಲೆಯ ಮೂಲೆಯಲ್ಲಿ ಯಾರೋ ಕುಡಿಯುವ ನೀರಿನ ನಲ್ಲಿ ತಿರುಗಿಸಿದ್ದರು. ಮಾಸ್ತರು ಆಗಲೇ ಕಾಲಿಗೆ ಬುದ್ಧಿ ಹೇಳಿದ್ದರು.